ಆಟದೊಳಗಿನ ತರಗತಿಯಲ್ಲಿ ಮಕ್ಕಳು ಹೊಂದಿಕೊಂಡು ಹೋಗುವುದನ್ನು ಕಲಿಯುತ್ತಾರಾ?

ತೋಟದಂಚು, ಶಿರಸಿ
ಈ ಮಳೆಗಾಲ ಬೇರೆ ಬೇರೆ ಊರಿನ ಎಂಟು ಮಕ್ಕಳಿಗೆ (9ರಿಂದ 11 ವರ್ಷ) ಮೈನ್‌ಕ್ರಾಫ್ಟ್ ಎಜುಕೇಶನ್‌ನಲ್ಲಿ (ಬ್ಲಾಕ್ ಜೋಡಿಸಿ ಕಟ್ಟುವ ಕಂಪ್ಯೂಟರ್ ಆಟದ ಶಾಲಾ ಆವೃತ್ತಿ) ಆನ್‌ಲೈನ್ ತರಗತಿ ನಡೆಸುವ ಯೋಚನೆ ಇದೆ. ಪಾಠ ಹೇಗೋ ಆಗುತ್ತದೆ. ಸರದಿ ಕಾಯುವುದು, ಇನ್ನೊಬ್ಬರ ಮಾತು ಕೇಳುವುದು, ಜಗಳ ಬಗೆಹರಿಸಿಕೊಳ್ಳುವುದು ಇದರಲ್ಲಿ ಬರುತ್ತದಾ, ಇದ್ದದ್ದೂ ಹೋಗುತ್ತದಾ?

ಅಘನಾಶಿನಿ, ಕುಮಟಾ
ತನ್ನಷ್ಟಕ್ಕೆ ಬರುವುದಿಲ್ಲ. ಕ್ರಿಯೇಟಿವ್ ಮೋಡ್‌ನಲ್ಲಿ ಎಲ್ಲರ ಬಳಿಯೂ ಎಲ್ಲ ಬ್ಲಾಕ್‌ಗಳು ಮುಗಿಯದಷ್ಟು ಇರುತ್ತವೆ, ಯಾರಿಗೂ ಯಾರೂ ಬೇಕಾಗುವುದಿಲ್ಲ. ಎಂಟು ಮಕ್ಕಳು ಎಂಟು ಮೂಲೆಯಲ್ಲಿ ಎಂಟು ಮನೆ ಕಟ್ಟಿಕೊಳ್ಳುತ್ತಾರೆ.

ಫ್ಲಾಟ್ (ಬರೀ ಸಮತಟ್ಟು ನೆಲದ) ಜಗತ್ತು, ಸರ್ವೈವಲ್ ಮೋಡ್ (ಕೈಯಲ್ಲಿದ್ದಷ್ಟೇ ಸಾಮಾನು), ಡಿಫಿಕಲ್ಟಿ ಪೀಸ್‌ಫುಲ್ (ರಾಕ್ಷಸರ ಕಾಟವಿಲ್ಲ) ಇಡಿ. ಫ್ಲಾಟ್‌ನಲ್ಲಿ ನೆಲ ಅಗೆದರೆ ಮಣ್ಣು ಮಾತ್ರ, ಕಲ್ಲು ಸಿಗುವುದಿಲ್ಲ. ಕಲ್ಲು ಬೇಕಾದವರು ಕೇಳಲೇಬೇಕು. ನಾಲ್ವರ ಎರಡು ಗುಂಪು ಮಾಡಿ, ಮಿರ್ಜಾನ ಕೋಟೆ ಕಟ್ಟಲು ಹೇಳಿ. ಒಬ್ಬರಿಗೆ ಕಲ್ಲು, ಒಬ್ಬರಿಗೆ ಬಾಗಿಲು ಮತ್ತು ಏಣಿ, ಒಬ್ಬರಿಗೆ ಕಂದಕ ತೋಡುವ ಸಲಿಕೆ ಮತ್ತು ನೀರಿನ ಬಕೆಟ್. ನಾಲ್ಕನೆಯವರಿಗೆ ಕಾಗದದ ನಕ್ಷೆ ಮಾತ್ರ. ಅದನ್ನು ಯಾರಿಗೂ ತೋರಿಸುವಂತಿಲ್ಲ, ಬಾಯಲ್ಲೇ ವಿವರಿಸಬೇಕು. 20 ನಿಮಿಷಕ್ಕೊಮ್ಮೆ ಪಾಳಿ ಬದಲಿಸಿ, ಇಲ್ಲವಾದರೆ ಕೈ ಚುರುಕಿರುವ ಮಗುವೇ ಎಲ್ಲ ಮುಗಿಸಿಬಿಡುತ್ತದೆ. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ರೂಪಿಸಿದ ಜಿಗ್ಸಾ ತರಗತಿಯ ತಿರುಳೂ ಇದೇ: ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು, ಎಲ್ಲರೂ ಸೇರಿದರೆ ಮಾತ್ರ ಕೆಲಸ ಪೂರ್ತಿ.

ಕಾಳಿದಂಡೆ, ಕಾರವಾರ
ಮಾತಿನ ಏರ್ಪಾಡೇ ಕಷ್ಟದ ಭಾಗ. ಈ ಆಟದೊಳಗೆ ಧ್ವನಿ ಸಂಭಾಷಣೆ ಇಲ್ಲ, ಬೇರೆ ಕಾಲ್ ತೆರೆಯಬೇಕು. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ 0.2 ಸೆಕೆಂಡ್ ಅಷ್ಟೇ. ನೆಟ್ ಅದಕ್ಕಿಂತ ತಡವಾದರೆ ಇಬ್ಬರೂ ಒಟ್ಟಿಗೆ ಬಾಯಿ ತೆಗೆಯುತ್ತಾರೆ, ಇಬ್ಬರೂ ತಡೆಯುತ್ತಾರೆ, ಸಂಕೋಚದ ಮಗು ಮತ್ತೆ ಮಾತಾಡುವುದೇ ಇಲ್ಲ. ಅದನ್ನು ನೋಡಿ ಮಗು ಮೂಕಿ ಎಂದು ತೀರ್ಮಾನಿಸಬಾರದು! ಒಂದು ಕಾಲ್‌ಗೆ ನಾಲ್ವರೇ ಇರಲಿ. ಮಾತು ಮುಗಿಸಿದವರು ಮುಂದಿನವರ ಹೆಸರು ಹೇಳಲಿ. ಬ್ಲೂಟೂತ್ ಬೇಡ, ಅದೂ ತಡ ಸೇರಿಸುತ್ತದೆ. ವಯರಿನ ಇಯರ್‌ಫೋನ್ ಸಾಕು.

ಹೋಸ್ಟ್ (ತಮ್ಮ ಕಂಪ್ಯೂಟರಿನಲ್ಲಿ ಆಟದ ಜಗತ್ತು ತೆರೆದು ಉಳಿದವರನ್ನು ಸೇರಿಸಿಕೊಂಡವರು) ಹೊರಬಿದ್ದರೆ ಜಗತ್ತೇ ಮುಚ್ಚಿ ಎಲ್ಲರೂ ಹೊರಗೆ. ಹಾಗಾಗಿ ನೆಟ್ ಗಟ್ಟಿ ಇರುವ ಮನೆಯಿಂದಲೇ ಹೋಸ್ಟ್ ಮಾಡಿ. ಮಳೆಗೆ ಕರೆಂಟ್ ಹೋಗುವುದು ಗೊತ್ತೇ ಇದೆ, ಫೈಬರ್ ಮೋಡೆಮ್‌ಗೆ ಮಿನಿ ಯುಪಿಎಸ್ ಹಾಕಿ. ಮೋಡೆಮ್‌ನ ಈಗಿನ ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡಿಕೊಂಡು, ಅದಕ್ಕೆ ಹೊಂದುವ ಯುಪಿಎಸ್ಸನ್ನೇ ಕೊಳ್ಳಿ. ಎಲ್ಲರಲ್ಲೂ ಆಟದ ಆವೃತ್ತಿ ಒಂದೇ ಇರಬೇಕು.

ಬನವಾಸಿ ರಸ್ತೆ
ಮುಖ ನೋಡಿ ಮನಸ್ಸು ತಿಳಿಯುವುದನ್ನು ಆಟ ಕಲಿಸುವುದಿಲ್ಲ, ಅದರ ಗೊಂಬೆಗಳ ಮುಖದಲ್ಲಿ ಭಾವವೇ ಇಲ್ಲ. ಪ್ರತಿ ತರಗತಿಯ ಕೊನೆಗೆ ಆಟ ನಿಲ್ಲಿಸಿ 15 ನಿಮಿಷ ಕ್ಯಾಮೆರಾ ಹಾಕಿಸಿ. “ಯಾರ ಮಾತಿನಿಂದ ನಿನ್ನ ಕೆಲಸ ಸಲೀಸಾಯ್ತು?” ಎಂದು ಒಬ್ಬೊಬ್ಬರನ್ನೇ ಕೇಳಿ. ಹದಿನೈದು ದಿನಕ್ಕೊಮ್ಮೆ ಒಂದು ಮನೆಯಲ್ಲಿ ಎಲ್ಲರೂ ಸೇರಲೇಬೇಕು. ಅಲ್ಲಿ ಪುಟ್ಟ ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಮಾಡಿಸಿ: ಎದುರಿನವರ ಕೊನೆಯ ಮಾತನ್ನು ಎತ್ತಿಕೊಂಡೇ ಉತ್ತರ ಕೊಡಬೇಕು. ಕೇಳಿಸಿಕೊಳ್ಳದವರಿಗೆ ಅರ್ಥ (ಪಾತ್ರದ ಮಾತು) ಹೇಳಲಾಗುವುದಿಲ್ಲ.

ತೋಟದಂಚು, ಶಿರಸಿ
ಒಬ್ಬ ಕಟ್ಟಿದ್ದನ್ನು ಇನ್ನೊಬ್ಬ ಒಡೆದರೆ?

ಅಘನಾಶಿನಿ, ಕುಮಟಾ
ಪ್ರತಿ ತರಗತಿಗೆ ಮೊದಲು ಜಗತ್ತನ್ನು ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಳ್ಳಿ. ಆದರೆ ಒಡೆದ ಕೂಡಲೇ ಹಳೆಯದನ್ನು ತರಬೇಡಿ, ಜಗಳ ಬಗೆಹರಿಸುವ ಅವಕಾಶವೇ ಹೋಗುತ್ತದೆ. ಆಟ ನಿಲ್ಲಿಸಿ. ಇಬ್ಬರೂ ಮೊದಲು ಎದುರಿನವರ ದೂರನ್ನು ತಮ್ಮ ಬಾಯಲ್ಲಿ ಹೇಳಲಿ, “ಹೌದು, ಅದೇ” ಎಂದು ಒಪ್ಪಿಗೆ ಸಿಕ್ಕ ಮೇಲೆ ತಮ್ಮದನ್ನು ಹೇಳಲಿ. ಆಮೇಲೆ ಒಡೆದ ಗೋಡೆಯನ್ನು ಇಬ್ಬರೂ ಸೇರಿ ಕಟ್ಟಲಿ. ಆಗಲೂ ಕಲ್ಲು ಒಬ್ಬರ ಹತ್ತಿರ, ಏಣಿ ಇನ್ನೊಬ್ಬರ ಹತ್ತಿರವೇ ಇರಲಿ.