9800 ವೈಫೈ ಕಂಟ್ರೋಲರ್ ಜೋಡಿ: ಪವರ್ ತೆಗೆದರೆ ಫೇಲ್‌ಓವರ್ ಆಗುತ್ತೆ, ಅಪ್‌ಲಿಂಕ್ ಹೋದರೆ ಆಗಲ್ಲ

ರ್‍ಯಾಕ್_ಮೂಲೆ:

ಸೆಟಪ್ ಹೀಗಿದೆ. ಸಿಸ್ಕೊ ಕ್ಯಾಟಲಿಸ್ಟ್ 9800-ಎಲ್ ಎರಡು, ಎಚ್‌ಎ ಎಸ್‌ಎಸ್‌ಒ ಜೋಡಿ (ಒಂದು ಆಕ್ಟಿವ್, ಅದು ಬಿದ್ದರೆ ಸೆಷನ್ ಕಡಿಯದೆ ಎತ್ತಿಕೊಳ್ಳಲು ಇನ್ನೊಂದು ಸ್ಟ್ಯಾಂಡ್‌ಬೈ). ಎರಡರಲ್ಲೂ ಸಾಫ್ಟ್‌ವೇರ್ ವರ್ಷನ್ 17.9, ಇನ್‌ಸ್ಟಾಲ್ ಮೋಡ್. ಆರ್‌ಪಿ, ಅಂದರೆ ಜೋಡಿಯನ್ನು ಬೆಸೆಯುವ ರಿಡಂಡೆನ್ಸಿ ಪೋರ್ಟ್‌ಗಳ ನಡುವೆ ನೇರ ಕೇಬಲ್. ಜೋಡಿ ಮಾಡಿದ್ದು ಹಳೇ ರೀತಿಯಲ್ಲಿ, ಅಂದರೆ ‘ಚಾಸಿ ರಿಡಂಡೆನ್ಸಿ ಎಚ್‌ಎ-ಇಂಟರ್‌ಫೇಸ್ ಲೋಕಲ್-ಐಪಿ … ರಿಮೋಟ್-ಐಪಿ …’ ಕಮಾಂಡ್‌ನಿಂದ. ಸುಮಾರು 200 ಎಪಿ (ವೈಫೈ ಆಕ್ಸೆಸ್ ಪಾಯಿಂಟ್), ಎಲ್ಲವೂ ಲೋಕಲ್ ಮೋಡ್ (ಕ್ಲೈಂಟ್ ಟ್ರಾಫಿಕ್ ಕಂಟ್ರೋಲರ್ ಮೂಲಕವೇ ಹೋಗುತ್ತದೆ). ಇನ್ನೊಂದು ಕಟ್ಟಡದಲ್ಲಿ ಎನ್+1 ಬ್ಯಾಕಪ್ (ಜೋಡಿಯ ಹೊರಗಿನ ಹೆಚ್ಚುವರಿ ಕಂಟ್ರೋಲರ್) ಆಗಿ ಒಂದು 9800-ಸಿಎಲ್ (ವರ್ಚುಯಲ್ ಮಷೀನ್ ರೂಪದ್ದು, ಮುಂದೆ ಬರೀ ಸಿಎಲ್). ಎಪಿಗಳಲ್ಲಿ ಪ್ರೈಮರಿ ಒಂದನೇ ಬಾಕ್ಸ್, ಸೆಕೆಂಡರಿ ಎರಡನೇ ಬಾಕ್ಸ್, ಟರ್ಷಿಯರಿ ಸಿಎಲ್ ಎಂದು ಹಾಕಿದೆ.

ಟೆಸ್ಟ್ ಮಾಡಿದಾಗ ಕಂಡದ್ದು: ಆಕ್ಟಿವ್ ಬಾಕ್ಸ್‌ನ ಪವರ್ ತೆಗೆದರೆ ಸ್ಟ್ಯಾಂಡ್‌ಬೈ ತಕ್ಷಣ ಎತ್ತಿಕೊಳ್ಳುತ್ತದೆ, ವಾಯ್ಸ್ ಕಾಲ್ ಕೂಡ ಕಡಿಯಲ್ಲ. ಆದರೆ ಕೋರ್ ಸ್ವಿಚ್ ಕಡೆಯಿಂದ ಆಕ್ಟಿವ್‌ನ ಪೋರ್ಟ್-ಚಾನೆಲ್ (ಅದರ ಅಪ್‌ಲಿಂಕ್) ಶಟ್ ಮಾಡಿದರೆ ಸ್ಟ್ಯಾಂಡ್‌ಬೈ ಅಲುಗಾಡಲ್ಲ, ‘ಶೋ ರಿಡಂಡೆನ್ಸಿ’ಯಲ್ಲಿ ‘ಸ್ಟ್ಯಾಂಡ್‌ಬೈ ಹಾಟ್’ ಎಂದೇ ತೋರಿಸುತ್ತಿರುತ್ತದೆ. ಮುಕ್ಕಾಲು ನಿಮಿಷದ ನಂತರ ಎಪಿಗಳು ಒಂದೊಂದಾಗಿ ಸಿಎಲ್‌ಗೆ ಜಾಯಿನ್ ಆಗುತ್ತವೆ. ಆದರೆ ಅಲ್ಲಿ ಮುಖ್ಯ ಎಸ್‌ಎಸ್‌ಐಡಿಗಳೇ (ವೈಫೈ ಹೆಸರುಗಳೇ) ಕಾಣಲ್ಲ, ಕಾಣುವ ಒಂದೆರಡರಲ್ಲಿ ಐಪಿ ಸಿಗಲ್ಲ. ಅಪ್‌ಲಿಂಕ್ ವಾಪಸ್ ಕೊಟ್ಟ ಮೇಲೂ ಕೆಲವು ಎಪಿ ಸಿಎಲ್ ಬಿಟ್ಟು ಬರಲ್ಲ. ಎಲ್ಲಿಂದ ಹಿಡಿಯಬೇಕು?

ಟ್ರಂಕ್‌ಪೋರ್ಟ್:

ಇದರಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಸೇರಿಕೊಂಡಿವೆ. ಮೊದಲು ಜೋಡಿಯದ್ದು ನೋಡೋಣ.

ಬರೀ ಆರ್‌ಪಿ ಮೇಲೆ ನಿಂತ ಜೋಡಿಯಲ್ಲಿ ಸ್ಟ್ಯಾಂಡ್‌ಬೈ ಗಮನಿಸುವುದು ಒಂದನ್ನೇ: ಆರ್‌ಪಿ ಕೇಬಲ್ ಮೇಲೆ ಬರುವ ಕೀಪ್‌ಅಲೈವ್ (‘ಬದುಕಿದ್ದೇನೆ’ ಎಂಬ ಸಂದೇಶ). ಡೀಫಾಲ್ಟ್ 100 ಮಿಲಿಸೆಕೆಂಡ್‌ಗೊಂದು, ಸಾಲಾಗಿ 5 ತಪ್ಪಿದರೆ ಎದುರಿನದು ಸತ್ತಿದೆ ಎಂಬ ಲೆಕ್ಕ. ಪವರ್ ತೆಗೆದಾಗ ಅದು ನಿಲ್ಲುತ್ತದೆ, ಹಾಗಾಗಿ ಫೇಲ್‌ಓವರ್. ಅಪ್‌ಲಿಂಕ್ ಶಟ್ ಮಾಡಿದಾಗ ಆರ್‌ಪಿ ಕೇಬಲ್‌ಗೆ ಏನೂ ಆಗಿಲ್ಲ, ಕೀಪ್‌ಅಲೈವ್ ಬರುತ್ತಲೇ ಇದೆ. ಆಕ್ಟಿವ್‌ಗೆ ನೆಟ್‌ವರ್ಕ್ ಇಲ್ಲ ಎಂಬುದು ಸ್ಟ್ಯಾಂಡ್‌ಬೈಗೆ ಗೊತ್ತಾಗುವ ದಾರಿಯೇ ನಿಮ್ಮ ಕಾನ್ಫಿಗ್‌ನಲ್ಲಿಲ್ಲ.

ಬೇಕಿರುವುದು ಆರ್‌ಎಂಐ (ರಿಡಂಡೆನ್ಸಿ ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್, ಅಪ್‌ಲಿಂಕ್ ಮೂಲಕ ನೋಡುವ ಎರಡನೇ ಕಣ್ಣು) ಜೊತೆಗಿನ ಆರ್‌ಪಿ. ವೈರ್‌ಲೆಸ್ ಮ್ಯಾನೇಜ್‌ಮೆಂಟ್ ಇರುವ ಅದೇ ವಿಎಲ್ಯಾನ್, ಅದೇ ಸಬ್‌ನೆಟ್‌ನಲ್ಲಿ ಇನ್ನೆರಡು ಐಪಿ ಎತ್ತಿಡಿ. ಉದಾಹರಣೆಗೆ ಮ್ಯಾನೇಜ್‌ಮೆಂಟ್ 10.20.0.10 ಇದ್ದರೆ:

‘ರೀಡನ್-ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್ ವಿಎಲ್ಯಾನ್ 20 ಚಾಸಿ 1 ಅಡ್ರೆಸ್ 10.20.0.11 ಚಾಸಿ 2 ಅಡ್ರೆಸ್ 10.20.0.12’

‘ಮ್ಯಾನೇಜ್‌ಮೆಂಟ್ ಗೇಟ್‌ವೇ-ಫೇಲ್‌ಓವರ್ ಎನೇಬಲ್’

ಹಾಕುವ ಮುಂಚೆ ‘ಶೋ ಚಾಸಿ’ಯಲ್ಲಿ ನಂಬರ್ 1 ಮತ್ತು 2 ಎಂದು ಬೇರೆಯಾಗಿರುವುದನ್ನು ಖಚಿತ ಮಾಡಿಕೊಳ್ಳಿ. ಸೇವ್ ಮಾಡಿ ಎರಡೂ ಬಾಕ್ಸ್ ರೀಲೋಡ್ ಆಗಬೇಕು, ಅದಕ್ಕೆ ಡೌನ್‌ಟೈಮ್ ಕೇಳಿಟ್ಟುಕೊಳ್ಳಿ. ಎದ್ದ ಮೇಲೆ ಆರ್‌ಪಿ ಐಪಿ ತಾನಾಗಿ 169.254 ಇಂದ ಶುರುವಾಗಿ, ಕೊನೆಯ ಎರಡು ಆಕ್ಟೆಟ್ ಆರ್‌ಎಂಐ ಐಪಿಯದ್ದೇ ಆಗಿರುತ್ತದೆ. ‘ಶೋ ಚಾಸಿ ಆರ್‌ಎಂಐ’ನಲ್ಲಿ ಇಲ್ಲಿನ ಉದಾಹರಣೆಗೆ 169.254.0.11 ಮತ್ತು 169.254.0.12 ಕಂಡರೆ ಸರಿ.

ಗೇಟ್‌ವೇ ಚೆಕ್ ಯಾವ ಐಪಿಯನ್ನು ನೋಡುತ್ತದೆ ಅನ್ನುವುದು ಸ್ಟ್ಯಾಟಿಕ್ ಡೀಫಾಲ್ಟ್ ರೂಟ್‌ನಿಂದ ಬರುತ್ತದೆ. ಆ ರೂಟ್ ಎಚ್‌ಎಸ್‌ಆರ್‌ಪಿ ವರ್ಚುಯಲ್ ಐಪಿ (ಎರಡೂ ಕೋರ್ ಸ್ವಿಚ್ ಹಂಚಿಕೊಳ್ಳುವ ಗೇಟ್‌ವೇ ಐಪಿ) ಕಡೆಗಿರಲಿ. ಯಾವುದೋ ಒಂದು ಕೋರ್ ಸ್ವಿಚ್‌ನ ಸ್ವಂತ ಐಪಿ ಕೊಟ್ಟರೆ ಆ ಸ್ವಿಚ್ ಮೇಂಟೆನೆನ್ಸ್‌ಗೆ ಹೋದಾಗ ಚೆಕ್ ಸುಳ್ಳು ಹೇಳುತ್ತದೆ. ಪಿಂಗ್ 4 ಸಲ, ಆಮೇಲೆ ಎಆರ್‌ಪಿ 4 ಸಲ, ಒಟ್ಟು ಸುಮಾರು 8 ಸೆಕೆಂಡ್ ಉತ್ತರ ಬಾರದಿದ್ದರೆ ಗೇಟ್‌ವೇ ಇಲ್ಲ ಎಂದು ತೀರ್ಮಾನ. ಸ್ಟ್ಯಾಂಡ್‌ಬೈಗೆ ಗೇಟ್‌ವೇ ಸಿಗುತ್ತಿದ್ದರೆ ಮಾತ್ರ ಅದು ಆಕ್ಟಿವ್ ಆಗುತ್ತದೆ. ಹಳೇ ಆಕ್ಟಿವ್ ರೀಲೋಡ್ ಆಗಿ ‘ಸ್ಟ್ಯಾಂಡ್‌ಬೈ-ರಿಕವರಿ’ಯಲ್ಲಿ ಕೂರುತ್ತದೆ, ಗೇಟ್‌ವೇ ಮರಳಿದಾಗ ತಾನೇ ಸ್ಟ್ಯಾಂಡ್‌ಬೈ ಹಾಟ್‌ಗೆ ಬರುತ್ತದೆ. ಇಬ್ಬರಿಗೂ ಗೇಟ್‌ವೇ ಇಲ್ಲದಿದ್ದರೆ ಪಾತ್ರ ಬದಲಾಗಲ್ಲ.

ಇನ್ನೊಂದು: ವಾಪಸ್ ಬಂದ ಬಾಕ್ಸ್ ಆಕ್ಟಿವ್ ಪಟ್ಟ ಕಿತ್ತುಕೊಳ್ಳಲ್ಲ. ಚಾಸಿ ಪ್ರಯಾರಿಟಿ ಲೆಕ್ಕಕ್ಕೆ ಬರುವುದು ಎರಡೂ ಒಟ್ಟಿಗೆ ಬೂಟ್ ಆದಾಗ.

ಕ್ಯಾಪ್‌ವ್ಯಾಪ್_5246:

ಎನ್+1 ಕಡೆಯದ್ದು ನಾನು ಹೇಳುತ್ತೇನೆ. ಅದು ಬಹುಪಾಲು ಟ್ಯಾಗ್ (ಎಪಿಗೆ ಯಾವ ಎಸ್‌ಎಸ್‌ಐಡಿ, ಯಾವ ಸೆಟ್ಟಿಂಗ್ ಎಂದು ಹೇಳುವ ಗುರುತು) ಸಮಸ್ಯೆ. ಸಿಎಲ್‌ನಲ್ಲಿ ‘ಶೋ ಎಪಿ ಟ್ಯಾಗ್ ಸಮರಿ’ ಕೊಟ್ಟು ನೋಡಿ, ‘ಡೀಫಾಲ್ಟ್-ಪಾಲಿಸಿ-ಟ್ಯಾಗ್’ ಎಂದೇ ಇರುತ್ತದೆ. ಆ ಟ್ಯಾಗ್ ಡಬ್ಲ್ಯುಎಲ್ಯಾನ್ ಐಡಿ (ಪ್ರತಿ ಎಸ್‌ಎಸ್‌ಐಡಿಗೆ ಕೊಟ್ಟ ನಂಬರ್) 1ರಿಂದ 16ರವರೆಗಿನದ್ದನ್ನು ಮಾತ್ರ ತಾನಾಗಿ ಡೀಫಾಲ್ಟ್ ಪಾಲಿಸಿ ಪ್ರೊಫೈಲ್‌ಗೆ ಕಟ್ಟುತ್ತದೆ. ನಿಮ್ಮ ಮುಖ್ಯ ಎಸ್‌ಎಸ್‌ಐಡಿಗಳ ಐಡಿ 17ರ ಮೇಲಿರಬೇಕು, ಅದಕ್ಕೇ ಕಾಣಲ್ಲ. ಕಾಣುವವು ವಿಎಲ್ಯಾನ್ 1ಕ್ಕೆ ಹೋಗಿ ಬೀಳುತ್ತವೆ, ಅದಕ್ಕೇ ಐಪಿ ಇಲ್ಲ.

17.6ರಿಂದ ‘ಎಪಿ ಟ್ಯಾಗ್ ಪರ್ಸಿಸ್ಟೆನ್ಸಿ ಎನೇಬಲ್’ ಇದೆ. ಜೋಡಿಯಲ್ಲೂ ಸಿಎಲ್‌ನಲ್ಲೂ ಹಾಕಿ. ಇದು ಹಾಕಿದ ನಂತರ ಜಾಯಿನ್ ಆಗುವ ಎಪಿಗೆ ಮಾತ್ರ ಟ್ಯಾಗ್ ಬರೆಯುತ್ತದೆ. ಈಗಾಗಲೇ ಜಾಯಿನ್ ಆಗಿರುವವು ಒಮ್ಮೆ ಬಿಟ್ಟು ಸೇರಬೇಕು, ಇಲ್ಲವೇ ಒಂದೊಂದಕ್ಕೂ ‘ಎಪಿ ನೇಮ್ … ರೈಟ್ ಟ್ಯಾಗ್-ಕಾನ್ಫಿಗ್’ ಕೊಡಬೇಕು. ಅದೇ ಹೆಸರಿನ ಪಾಲಿಸಿ, ಸೈಟ್, ಆರ್‌ಎಫ್ ಟ್ಯಾಗ್ ಸಿಎಲ್‌ನಲ್ಲೂ ಇರಲೇಬೇಕು, ಇಲ್ಲದಿದ್ದರೆ ಎಪಿ ಹೊತ್ತು ತಂದ ಟ್ಯಾಗ್ ವ್ಯರ್ಥ. ಟ್ಯಾಗ್ ಆರಿಸುವ ಕ್ರಮ ಸ್ಟ್ಯಾಟಿಕ್, ಲೊಕೇಶನ್, ಫಿಲ್ಟರ್, ಆಮೇಲೆ ಎಪಿ. ಯಾರೋ ಎಂದೋ ಬರೆದಿಟ್ಟ ರೆಜೆಕ್ಸ್ ಫಿಲ್ಟರ್ (ಎಪಿ ಹೆಸರಿನ ಮಾದರಿ ನೋಡಿ ಟ್ಯಾಗ್ ಕೊಡುವ ನಿಯಮ) ಸಿಎಲ್‌ನಲ್ಲಿ ಉಳಿದಿದ್ದರೆ ಅದೇ ಗೆಲ್ಲುತ್ತದೆ.

ಟ್ಯಾಗ್ ಸರಿಯಾದ ಮೇಲೂ ಡಾಟ್1ಎಕ್ಸ್ ಲಾಗಿನ್ ಆಗದಿದ್ದರೆ ರೇಡಿಯಸ್ (ಲಾಗಿನ್ ಪರಿಶೀಲಿಸುವ) ಸರ್ವರ್‌ನಲ್ಲಿ ಸಿಎಲ್‌ನ ಐಪಿ ಕ್ಲೈಂಟ್ ಆಗಿ ಸೇರಿಲ್ಲ ಎಂದರ್ಥ. ಲೋಕಲ್ ಮೋಡ್ ಆದ್ದರಿಂದ ಕ್ಲೈಂಟ್ ವಿಎಲ್ಯಾನ್‌ಗಳು ಸಿಎಲ್‌ನ ಟ್ರಂಕ್‌ನಲ್ಲೂ ಬೇಕು.

ವಾಪಸ್ ಬಾರದ ಎಪಿಗಳ ವಿಷಯ: ಎಸ್‌ಎಸ್‌ಒ ಜೋಡಿ ಎಪಿಯ ಕಣ್ಣಿಗೆ ಒಂದೇ ಕಂಟ್ರೋಲರ್, ಒಂದೇ ಹೆಸರು, ಒಂದೇ ಐಪಿ. ಸೆಕೆಂಡರಿಯಲ್ಲಿ ಎರಡನೇ ಬಾಕ್ಸ್‌ನ ಹೆಸರು ಹಾಕುವುದಕ್ಕೆ ಅರ್ಥವೇ ಇಲ್ಲ, ತೆಗೆಯಿರಿ. ಜೋಡಿಯ ಹೆಸರು ಪ್ರೈಮರಿ, ಸಿಎಲ್ ಸೆಕೆಂಡರಿ. ಹೆಸರಿನಲ್ಲಿ ದೊಡ್ಡ-ಚಿಕ್ಕ ಅಕ್ಷರ ಹೋಸ್ಟ್‌ನೇಮ್‌ನಲ್ಲಿ ಇರುವಂತೆಯೇ ಇರಬೇಕು, ಐಪಿಯನ್ನೂ ಜೊತೆಗೇ ಕೊಡಿ. ಎಪಿ ಜಾಯಿನ್ ಪ್ರೊಫೈಲ್‌ನಲ್ಲಿ ಕ್ಯಾಪ್‌ವ್ಯಾಪ್ ಫಾಲ್‌ಬ್ಯಾಕ್ (ಪ್ರೈಮರಿ ಮರಳಿದಾಗ ಎಪಿ ಅದಕ್ಕೆ ವಾಪಸ್ ಹೋಗುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಎಪಿ ಸಿಎಲ್‌ನಲ್ಲಿರುವಾಗ ಪಾಲಿಸುವುದು ಸಿಎಲ್‌ನ ಪ್ರೊಫೈಲ್, ಹಾಗಾಗಿ ಅಲ್ಲೂ ನೋಡಬೇಕು. ವರ್ಷನ್ ಮೂರರಲ್ಲೂ ಒಂದೇ ಇರಲಿ. ಇಲ್ಲದಿದ್ದರೆ ಎಪಿ ಹೋಗುವಾಗೊಮ್ಮೆ, ಬರುವಾಗೊಮ್ಮೆ ಇಮೇಜ್ ಇಳಿಸಿಕೊಂಡು ರೀಬೂಟ್ ಆಗುತ್ತದೆ.

ರ್‍ಯಾಕ್_ಮೂಲೆ:

ಹೌದು, ಐಡಿಗಳು 20ರಿಂದ ಮೇಲಿವೆ. ಎರಡು ಪ್ರಶ್ನೆ. ಆರ್‌ಪಿಯನ್ನೂ ಕೋರ್ ಸ್ವಿಚ್ ಮೂಲಕ ಒಂದು ವಿಎಲ್ಯಾನ್‌ನಲ್ಲಿ ಒಯ್ಯಬಹುದಾ? ಎರಡನೇ ಬಾಕ್ಸ್ ಬೇರೆ ಮಹಡಿಗೆ ಹೋಗುವ ಯೋಚನೆ ಇದೆ. ಮತ್ತೆ, ಎಪಿ ಬೇಗ ಜಿಗಿಯಲಿ ಎಂದು ಫಾಸ್ಟ್ ಹಾರ್ಟ್‌ಬೀಟ್ (ಕಂಟ್ರೋಲರ್ ಬದುಕಿದೆಯಾ ಎಂದು ಎಪಿ ಬೇಗಬೇಗ ಕೇಳುವುದು) 1 ಸೆಕೆಂಡ್ ಇಡಲಾ?

ಟ್ರಂಕ್‌ಪೋರ್ಟ್:

ಸ್ವಿಚ್ ಮೂಲಕ ಒಯ್ಯಬಹುದು. ಹೋಗಿ ಬರುವ ಲೇಟೆನ್ಸಿ 80 ಮಿಲಿಸೆಕೆಂಡ್ ಒಳಗೆ, ಕನಿಷ್ಠ 60 ಎಂಬಿಪಿಎಸ್, ಎಂಟಿಯು 1500 ಬೇಕು. ಆದರೂ ನನ್ನ ಓಟು ನೇರ ಕೇಬಲ್‌ಗೇ. ಆರ್‌ಪಿ ಮಾತ್ರ ಹೋದರೆ ಆರ್‌ಎಂಐ ಮೂಲಕ ಆಕ್ಟಿವ್ ಬದುಕಿದೆ ಎಂದು ಗೊತ್ತಾಗಿ ಸ್ಟ್ಯಾಂಡ್‌ಬೈ ರಿಕವರಿಗೆ ಸರಿಯುತ್ತದೆ, ಸೇವೆ ನಡೆಯುತ್ತದೆ. ಆರ್‌ಪಿ ಮತ್ತು ಆರ್‌ಎಂಐ ಒಂದೇ ಸ್ವಿಚ್ ಮೇಲೆ ಹೋಗುತ್ತಿದ್ದು ಆ ಸ್ವಿಚ್ ಬಿದ್ದರೆ ಎರಡೂ ಒಟ್ಟಿಗೆ ಕಡಿಯುತ್ತವೆ, ಎರಡೂ ಬಾಕ್ಸ್ ಆಕ್ಟಿವ್ ಆಗುತ್ತವೆ. ಆಮೇಲೆ ಒಂದೇ ಮ್ಯಾನೇಜ್‌ಮೆಂಟ್ ಐಪಿಯನ್ನು ಇಬ್ಬರು ಹೇಳಿಕೊಳ್ಳುತ್ತಾರೆ, ಎಪಿಗಳು ಅತ್ತಿತ್ತ ಹರಿದಾಡುತ್ತವೆ. ಬೇರೆ ಮಹಡಿಗೂ 100 ಮೀಟರ್ ಒಳಗೆ ಕ್ಯಾಟ್6 ಎಳೆಯುವುದು ಅಗ್ಗ.

ಸ್ವಿಚ್ ಕಡೆ ಪ್ರತಿ ಬಾಕ್ಸ್‌ಗೂ ಪ್ರತ್ಯೇಕ ಪೋರ್ಟ್-ಚಾನೆಲ್, ಎರಡರಲ್ಲೂ ಒಂದೇ ಅಲೋಡ್ ವಿಎಲ್ಯಾನ್ ಪಟ್ಟಿ. ಸ್ಟ್ಯಾಂಡ್‌ಬೈ ಟ್ರಂಕ್‌ನಲ್ಲಿ ಒಂದು ವಿಎಲ್ಯಾನ್ ಬಿಟ್ಟುಹೋಗಿದ್ದರೆ ಫೇಲ್‌ಓವರ್ ಆಗುವ ದಿನದವರೆಗೂ ಗೊತ್ತೇ ಆಗಲ್ಲ. ‘ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್ ಟ್ರಂಕ್’ ಕೂಡ ಇರಲಿ.

ಕ್ಯಾಪ್‌ವ್ಯಾಪ್_5246:

ಫಾಸ್ಟ್ ಹಾರ್ಟ್‌ಬೀಟ್ ಬೇಡವೇ ಬೇಡ. ಡೀಫಾಲ್ಟ್‌ನಲ್ಲಿ ಹಾರ್ಟ್‌ಬೀಟ್ 30 ಸೆಕೆಂಡ್, ಅದರ ಮೇಲೆ 3 ಸೆಕೆಂಡ್‌ಗೊಂದರಂತೆ 5 ಮರುಪ್ರಯತ್ನ. ನೀವು ನೋಡಿದ ಮುಕ್ಕಾಲು ನಿಮಿಷ ಅದೇ. ಗೇಟ್‌ವೇ ಚೆಕ್‌ಗೆ 8 ಸೆಕೆಂಡ್ ಬೇಕು. ಅಷ್ಟರಲ್ಲಿ ಎಪಿ ಜಿಗಿದರೆ ಎಸ್‌ಎಸ್‌ಒ ಕಟ್ಟಿದ್ದೇ ದಂಡ: ಕ್ಲೈಂಟ್‌ಗಳೆಲ್ಲ ಸಿಎಲ್‌ನಲ್ಲಿ ಹೊಸದಾಗಿ ಅಸೋಸಿಯೇಟ್ ಆಗಬೇಕು.

ಆರ್‌ಎಂಐ ಆದ ಮೇಲೆ ಟೆಸ್ಟ್ ಈ ಕ್ರಮದಲ್ಲಿ ಮಾಡಿ: ಮೊದಲು ‘ರಿಡಂಡೆನ್ಸಿ ಫೋರ್ಸ್-ಸ್ವಿಚ್‌ಓವರ್’, ಆಮೇಲೆ ಆಕ್ಟಿವ್‌ನ ಪೋರ್ಟ್-ಚಾನೆಲ್ ಶಟ್, ಆಮೇಲೆ ಆರ್‌ಪಿ ಕೇಬಲ್, ಕೊನೆಗೆ ಎರಡೂ ಕೋರ್‌ನಲ್ಲಿ ಗೇಟ್‌ವೇ ಎಸ್‌ವಿಐ (ವಿಎಲ್ಯಾನ್‌ನ ಗೇಟ್‌ವೇ ಐಪಿ ಇರುವ ಇಂಟರ್‌ಫೇಸ್) ಶಟ್. ಕೊನೆಯದರಲ್ಲಿ ಪಾತ್ರ ಬದಲಾಗಬಾರದು. ಎಸ್‌ವಿಐ ಮುಕ್ಕಾಲು ನಿಮಿಷದೊಳಗೆ ಎತ್ತಿಬಿಡಿ, ಇಲ್ಲದಿದ್ದರೆ ಎಪಿಗಳು ಸಿಎಲ್‌ಗೆ ಹೊರಡುತ್ತವೆ. ಪ್ರತಿ ಸಲ ಮುಂದಿನದಕ್ಕೆ ಹೋಗುವ ಮೊದಲು ಸ್ಟ್ಯಾಂಡ್‌ಬೈ ಹಾಟ್ ಆಗುವವರೆಗೆ ಕಾಯಿರಿ. ಕ್ಲೈಂಟ್ ಲೆಕ್ಕ ಮುಂಚೆ-ನಂತರ ಬರೆದುಕೊಳ್ಳಿ. ರನ್ ಸ್ಥಿತಿಯಲ್ಲಿದ್ದ (ಪೂರ್ತಿ ಲಾಗಿನ್ ಆಗಿದ್ದ) ಕ್ಲೈಂಟ್ ಮಾತ್ರ ಸಿಂಕ್ ಆಗಿರುತ್ತದೆ, ವೆಬ್‌ಆಥ್ (ಬ್ರೌಸರ್ ಲಾಗಿನ್) ಪುಟದಲ್ಲಿ ನಿಂತವರು ಮತ್ತೆ ಮೊದಲಿಂದ ಶುರು ಮಾಡಬೇಕು. ಅಷ್ಟು ಕಮ್ಮಿಯಾದರೆ ಗಾಬರಿ ಬೇಡ.