ದುಬೈಯಲ್ಲಿ ನೌಕರಿ ಹೋಗಿ ಊರಿಗೆ ಮರಳಿದ್ದೇನೆ, ನಿರುದ್ಯೋಗ ವಿಮೆ ಸಿಗುವುದೇ? ಅನುಭವಸ್ಥರು ತಿಳಿಸಿ

ಬೈಂದೂರಿನಿಂದ, ಪ್ರಶ್ನೆ:
ದುಬೈಯ ಒಂದು ಕಟ್ಟಡ ನಿರ್ಮಾಣ ಸಂಸ್ಥೆಯಲ್ಲಿ ಒಂಬತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದೆ. ಪ್ರಾಜೆಕ್ಟ್ ಮುಗಿಯಿತೆಂದು ಕೆಲಸದಿಂದ ತೆಗೆದರು. ವೀಸಾ ರದ್ದಾಗಿ ಊರಿಗೆ ಬಂದು ಹನ್ನೆರಡು ದಿನಗಳಾದವು. ನಿರುದ್ಯೋಗ ವಿಮೆಯ ಕಂತನ್ನು 2023ರಿಂದಲೂ ತಪ್ಪದೆ ಕಟ್ಟಿದ್ದೇನೆ. ಇಲ್ಲಿಂದಲೇ ಅರ್ಜಿ ಹಾಕಬಹುದೇ? ಗ್ರಾಚ್ಯುಟಿಯೂ ಬಂದಿಲ್ಲ.

ಭಟ್ಕಳದಿಂದ:
ಕೆಲಸ ಹೋದ 30 ದಿನಗಳೊಳಗೆ ಅರ್ಜಿ ಹಾಕಬೇಕು, ಆದರೆ ದೇಶ ಬಿಟ್ಟವರಿಗೆ ಆ ಹಣ ನಿಂತುಹೋಗುತ್ತದೆ ಎಂಬುದನ್ನು ತಿಳಿದೇ ನಾನು ಅಲ್ಲಿ ಉಳಿದವನು. ನನ್ನ ಒಟ್ಟು ಸಂಬಳ 7,500 ದಿರ್ಹಮ್ ಇದ್ದರೂ ಕರಾರಿನಲ್ಲಿ ಮೂಲ ವೇತನವೆಂದು ಬರೆದದ್ದು 3,000 ಮಾತ್ರ. ಕೊನೆಯ ಆರು ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಶೇ. 60 ಎಂಬ ಲೆಕ್ಕದಿಂದ ತಿಂಗಳಿಗೆ 1,800 ದಿರ್ಹಮ್ ಕೈಗೆ ಬಂತು. ಬೆಡ್ ಸ್ಪೇಸ್‌ಗೆ (ಹಲವರು ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕೆ) ತಿಂಗಳಿಗೆ 900, ಊಟಕ್ಕೆ 500, ಮೆಟ್ರೊ ಮತ್ತು ಫೋನಿಗೆ 150 ಹೋಯಿತು. ಗರಿಷ್ಠ ಮೂರು ತಿಂಗಳು ಕೊಡುತ್ತಾರೆಂದರೂ ವೀಸಾ ರದ್ದಾದ ಮೇಲೆ ನನಗಿದ್ದ ಗಡುವು 60 ದಿನಗಳದ್ದು, ಅದು ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ಹಾಗಾಗಿ ಮೂರನೆಯ ತಿಂಗಳು ದಕ್ಕಲಿಲ್ಲ. ಎರಡು ತಿಂಗಳಿಗೆ 3,600 ಬಂದು 3,100 ಖರ್ಚಾಗಿ 500 ದಿರ್ಹಮ್ ಉಳಿಯಿತು. ಆದರೂ ನನ್ನ ಹಕ್ಕನ್ನು ನಾನು ಬಿಟ್ಟುಕೊಡಲಿಲ್ಲ.

ಬಂಟ್ವಾಳದಿಂದ:
ಐನೂರು ದಿರ್ಹಮ್ ಉಳಿಸುವುದಕ್ಕೆ ಎರಡು ತಿಂಗಳು ಅಟ್ಟದ ಮಂಚದ ಮೇಲೆ ಮಲಗಿದ್ದನ್ನು ಹಕ್ಕು ಎನ್ನುತ್ತೀರಾದರೆ ಹಾಗೆಯೇ ಆಗಲಿ. ತಿಂಗಳಿಗೆ ಐದು ದಿರ್ಹಮ್‌ನಂತೆ ಎರಡು ವರ್ಷ ಕಟ್ಟಿದ 120 ದಿರ್ಹಮ್ ಹೋಯಿತೆಂದುಕೊಂಡು ನಾನು ಮರುವಾರವೇ ವಿಮಾನ ಹತ್ತಿದೆ. ತಂದೆಯವರ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಮನೆಯಲ್ಲಿದ್ದೆ. ಆ ಲೆಕ್ಕ ಯಾವ ವಿಮೆಯಲ್ಲಿಯೂ ಬರುವುದಿಲ್ಲ.

ಭಟ್ಕಳದಿಂದ:
ನಿಮ್ಮ ತಂದೆಯವರು ಗುಣವಾದುದು ಸಂತೋಷ. ಆದರೆ ಆ ಎರಡು ತಿಂಗಳಲ್ಲಿ ನಾನು ಹನ್ನೊಂದು ಕಡೆ ಸಂದರ್ಶನಕ್ಕೆ ಹೋಗಿದ್ದೆ ಎಂಬುದನ್ನು ತಾವು ಕೇಳಲೇ ಇಲ್ಲ. ಮನೆಯಲ್ಲಿ ಆಸರೆ ಇದ್ದವರು ಮಂಚದ ವಿಚಾರ ಆಡಬಾರದು.

ಕಾರ್ಕಳದಿಂದ:
ನೀವಿಬ್ಬರೂ ಕೆಲಸದಿಂದ ತೆಗೆಸಿಕೊಂಡವರಾದ್ದರಿಂದ ಭಾಗ್ಯವಂತರು. ನಮ್ಮ ಸಂಸ್ಥೆಯವರು, ರಾಜೀನಾಮೆ ಎಂದು ಬರೆದುಕೊಟ್ಟರೆ ಮುಂದಿನ ವೀಸಾಕ್ಕೆ ತೊಡಕಾಗದು ಎಂದು ನಯವಾಗಿ ಹೇಳಿ ಸಹಿ ಹಾಕಿಸಿಕೊಂಡರು. ತಾನಾಗಿ ಬಿಟ್ಟವನಿಗೆ ಈ ವಿಮೆ ಇಲ್ಲವೆಂಬುದು ಸಹಿ ಹಾಕಿದ ನಾಲ್ಕನೆಯ ದಿನ ತಿಳಿಯಿತು. 2022ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಿಂದಾಗಿ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಕಡಿತವಾಗುವುದಿಲ್ಲ ಎಂಬುದೊಂದೇ ಸಮಾಧಾನ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಅನಂತರದ ವರ್ಷಗಳಿಗೆ 30 ದಿನದ ಮೂಲ ವೇತನ ಬರಬೇಕು, ಅದನ್ನು 14 ದಿನಗಳೊಳಗೆ ಕೊಡಬೇಕು. ನನಗೆ ಕೊಡಲಿಲ್ಲ, ನಾನಾಗಲೇ ಊರಿನಲ್ಲಿದ್ದೆ. ನನ್ನ ಪರವಾಗಿ ಅದನ್ನು ಕೇಳಲು ಅಲ್ಲಿರುವ ಭಾವನ ಹೆಸರಿಗೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಬೇಕಾಯಿತು. ನೋಟರಿಯ ಮುದ್ರೆಯಾಯಿತು, ಬೆಂಗಳೂರಿಗೆ ಎರಡು ಸಲ ಬಸ್ಸು ಹತ್ತಿದ್ದಾಯಿತು, ವಿದೇಶಾಂಗ ಸಚಿವಾಲಯದ ದೃಢೀಕರಣವಾಯಿತು, ಆಮೇಲೆ ಆ ದೇಶದ ದೂತಾವಾಸದ್ದು, ಅಲ್ಲಿಗೆ ಮುಟ್ಟಿದ ಮೇಲೆ ಅವರ ಸಚಿವಾಲಯದ್ದು, ಕೊನೆಗೆ ಅರಬ್ಬಿ ಅನುವಾದ. ಏಜೆಂಟರ ಕೂಲಿಯೂ ಸೇರಿ 23,400 ರೂಪಾಯಿ ಆಯಿತು. ಮೊದಲ ಪತ್ರದಲ್ಲಿ ನನ್ನ ಹೆಸರಿನ ಅಕ್ಷರಗಳು ಪಾಸ್‌ಪೋರ್ಟಿಗೆ ಹೊಂದಲಿಲ್ಲವೆಂದು ಎಲ್ಲವನ್ನೂ ಮೊದಲಿನಿಂದ ಮಾಡಿಸಿದೆ. ಆ ಎರಡನೆಯ ಸುತ್ತಿನ ಖರ್ಚನ್ನು ಮನೆಯವಳಿಗೆ ಇನ್ನೂ ಹೇಳಿಲ್ಲ.

ಉಡುಪಿಯಿಂದ:
ನಾನು ಸೌದಿಯಲ್ಲಿ ಹದಿನಾಲ್ಕು ವರ್ಷ ದುಡಿದವನು. ಅಲ್ಲಿ ಸಾನೆದ್ ಎಂಬ ನಿರುದ್ಯೋಗ ವಿಮೆ ಇದೆ, ಆದರೆ ಅದು ಸೌದಿ ನಾಗರಿಕರಿಗೆ ಮಾತ್ರ. ನಮ್ಮ ಹೆಸರಿನಲ್ಲಿ ಮಾಲೀಕರು ಕಟ್ಟುತ್ತಿದ್ದದ್ದು ಕೆಲಸದ ಅಪಘಾತಕ್ಕೆಂದು ಶೇ. 2 ಅಷ್ಟೆ. ನಿಮ್ಮ ಜಗಳವನ್ನು ಓದಿದರೆ, ಊಟಕ್ಕೆ ಕುಳಿತವರು ಉಪ್ಪಿನಕಾಯಿಗಾಗಿ ಕಾದಾಡುವುದನ್ನು ಹಸಿದವನು ಬಾಗಿಲಲ್ಲಿ ನಿಂತು ನೋಡಿದಂತಾಗುತ್ತದೆ.

ಬಂಟ್ವಾಳದಿಂದ:
ಸೌದಿಯ ಸಂಗತಿಯನ್ನು ಇಲ್ಲಿ ಯಾರೂ ಕೇಳಿರಲಿಲ್ಲ.

ಉಡುಪಿಯಿಂದ:
ತಮ್ಮ ತಂದೆಯವರ ಶಸ್ತ್ರಚಿಕಿತ್ಸೆಯನ್ನೂ ಯಾರೂ ಕೇಳಿರಲಿಲ್ಲ.

ಪುತ್ತೂರಿನಿಂದ:
ಹಿರಿಯರು ಸಮಾಧಾನದಿಂದಿರಬೇಕು. ಊರಿಗೆ ಬಂದ ಮೇಲೆ ಇಲ್ಲಿನ ಸರಕಾರದಿಂದ ಏನಾದರೂ ಸಿಗುವುದೇ ಎಂದು ನಾನು ಅಲೆದದ್ದನ್ನು ಹೇಳುತ್ತೇನೆ. ಇ.ಎಸ್.ಐ.ಯಲ್ಲಿ (ನೌಕರರ ರಾಜ್ಯ ವಿಮೆಯಲ್ಲಿ) ಕೆಲಸ ಕಳೆದುಕೊಂಡ ಚಂದಾದಾರರಿಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ 2018ರಲ್ಲಿ ಆರಂಭವಾಯಿತು. ಸರಾಸರಿ ದಿನಗೂಲಿಯ ಶೇ. 25 ಇದ್ದದ್ದನ್ನು 2020ರಲ್ಲಿ ಶೇ. 50ಕ್ಕೆ ಏರಿಸಿದರು, ಹೆಚ್ಚೆಂದರೆ 90 ದಿನ. ಗಲ್ಫಿನಲ್ಲಿ ದುಡಿದ ವರ್ಷಗಳು ಅದಕ್ಕೆ ಲೆಕ್ಕವೇ ಇಲ್ಲ. ಊರಿಗೆ ಬಂದು ಒಂದು ಗೋದಾಮಿನಲ್ಲಿ ಐದು ತಿಂಗಳು ದುಡಿದು, ಅದೂ ಮುಚ್ಚಿದ ಮೇಲೆ ಅರ್ಜಿ ಹಾಕಿದೆ. ಕೆಲಸ ಹೋಗುವ ಮುಂಚಿನ ಆರು ತಿಂಗಳ ಚಂದಾ ಅವಧಿಯಲ್ಲಿ 78 ದಿನ ಚಂದಾ ಕಟ್ಟಿರಬೇಕು, ಅದಕ್ಕೂ ಹಿಂದಿನ ಒಂದು ಅವಧಿಯಲ್ಲಿ ಇನ್ನೊಂದು 78 ದಿನ ಬೇಕೆಂದು ತಿರಸ್ಕರಿಸಿದರು. ಯುವನಿಧಿಗೆ ಹಾಕು ಎಂದು ನೆರೆಯವರೊಬ್ಬರು ಸಲಹೆ ಕೊಟ್ಟರು. ಅದು ಆಗತಾನೆ ಪದವಿ, ಡಿಪ್ಲೊಮಾ ಮುಗಿಸಿದ ಮಕ್ಕಳಿಗೆ, ನನಗೆ ನಲವತ್ತಾರು.

ಬೈಂದೂರಿನಿಂದ:
ಎಲ್ಲರಿಗೂ ವಂದನೆಗಳು. ವಿಮೆಯ ಆಸೆ ಬಿಟ್ಟೆ. ಆದರೆ ಕಾರ್ಕಳದವರು ಬರೆದದ್ದನ್ನು ಓದಿ ವೀಸಾ ರದ್ದತಿಯ ಕಾಗದವನ್ನು ಈಗ ಹುಡುಕಿ ನೋಡಿದೆ. ಸಂಬಳವೂ ಗ್ರಾಚ್ಯುಟಿಯೂ ಸೇರಿ ಎಲ್ಲ ಬಾಕಿ ಸಂದಾಯವಾಗಿದೆ ಎಂಬ ಸಾಲಿನ ಕೆಳಗೆ ನನ್ನದೇ ಸಹಿ ಇದೆ. ಒಂದು ದಿರ್ಹಮ್ ಕೂಡ ಬಂದಿಲ್ಲ. ಈಗ ಏನು ಮಾಡಲಿ?

ಕಾರ್ಕಳದಿಂದ:
ನನ್ನ ಕಾಗದದಲ್ಲಿಯೂ ಅದೇ ಸಾಲು ಇತ್ತು. ಬ್ಯಾಂಕಿನ ಸ್ಟೇಟ್‌ಮೆಂಟನ್ನು ಇಂದೇ ತೆಗೆಸಿಟ್ಟುಕೊಳ್ಳಿ, ಹಣ ಬರಲಿಲ್ಲವೆಂದು ತೋರಿಸುವುದಕ್ಕೆ ಭಾವ ಕೊನೆಗೆ ಒಯ್ದದ್ದು ಅದನ್ನೇ. ಅಧಿಕಾರ ಪತ್ರ ಮಾಡಿಸುವಾಗ ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಬರೆಸಿ.

ಭಟ್ಕಳದಿಂದ:
ಅದಕ್ಕೇ ಹೇಳಿದ್ದು, ಎರಡು ತಿಂಗಳು ಅಲ್ಲಿಯೇ ಉಳಿಯಬೇಕಿತ್ತು.