‘ಇಟ್’ಗೆ ಕನ್ನಡದಲ್ಲಿ ‘ಅದು’ ಎಂದರೆ ಸಾಕೇ?

ಪ್ರಶ್ನೆ: ಪ್ರಣಯ ಕಾದಂಬರಿಗಾರ್ತಿ ಎಲಿನಾರ್ ಗ್ಲಿನ್ (1864–1943) ಕುರಿತ ಲೇಖನದ ಅನುವಾದದಲ್ಲಿ ‘ಶಿ ಹ್ಯಾಸ್ ಇಟ್’ (She has It) ಎಂಬ ಮಾತು ಬರುತ್ತದೆ. ಇಲ್ಲಿ ‘ಇಟ್’ ಎಂದರೆ ಎಲ್ಲರನ್ನೂ ತನ್ನತ್ತ ಎಳೆಯುವ ಒಂದು ಗುಣ. ‘ಅವಳಲ್ಲಿ ಅದು ಇದೆ’ ಎಂದರೆ ಓದುಗರು ‘ಯಾವುದು?’ ಎಂದು ಹಿಂದಿನ ವಾಕ್ಯ ಹುಡುಕುತ್ತಾರೆ. ‘ಲೈಂಗಿಕ ಆಕರ್ಷಣೆ’ ಎನ್ನಬಹುದೇ? ‘ಇಟ್ ಗರ್ಲ್’ಗೆ ಏನು?

ಉತ್ತರ: ‘ಲೈಂಗಿಕ’ ಎಂದರೆ ಅರ್ಧ ಅರ್ಥ ಹೋಗುತ್ತದೆ. 1927ರ ‘ಇಟ್’ ಮೂಕಿಚಿತ್ರದ ಆರಂಭದಲ್ಲೇ ಗ್ಲಿನ್ ಅವರ ವಿವರಣೆ ಇದೆ: ಅದು ಗಂಡಸಿಗೂ ಉಂಟು, ಹೆಂಗಸಿಗೂ ಉಂಟು, ದೇಹದ ಸೆಳೆತವಷ್ಟೇ ಅಲ್ಲ, ಮನಸ್ಸಿನ ಗುಣವೂ ಆಗಬಹುದು. ಬರೀ ‘ಅದು’ ಇನ್ನೂ ಅಪಾಯ. ಬಾಯಿಬಿಟ್ಟು ಹೇಳಲಾಗದ್ದಕ್ಕೆಲ್ಲ ನಾವು ‘ಅದು’ ಅನ್ನುವವರು! ಇಂಗ್ಲಿಷಿಗೆ ದೊಡ್ಡಕ್ಷರದ ಆಸರೆ ಇದೆ, ನಮಗಿಲ್ಲ.

‘ವರ್ಚಸ್ಸು’ ರಾಜಕಾರಣಿಗಳ ಪಾಲಾಗಿದೆ. ‘ಬೆಡಗು’ ಎಂದರೆ ಒನಪು, ತೋರಿಕೆ. ‘ಸೆಳೆತ’ದಲ್ಲಿ ವಿಭಕ್ತಿ ಕೈಕೊಡುತ್ತದೆ: ‘ಅವಳಲ್ಲಿ ಸೆಳೆತವಿದೆ’ ಸರಿ, ‘ಅವಳಿಗೆ ಸೆಳೆತವಿದೆ’ ಎಂದರೆ ಮನಸೋತವಳು ಅವಳೇ. ‘ಕಳೆ’ ಗಂಡುಹೆಣ್ಣು ಇಬ್ಬರಿಗೂ ಒಪ್ಪುತ್ತದೆ, ಆದರೆ ಎಳೆಯುವ ಬಲವಿಲ್ಲ. ಮದುವೆಮನೆಗೂ ಕಳೆ ಇರುತ್ತದೆ. ಕಲ್ಪನೆಯ ಮಟ್ಟದಲ್ಲಿ ತೀರ ಹತ್ತಿರದ್ದು ‘ಲಾವಣ್ಯ’. ಸಂಸ್ಕೃತ ಕಾವ್ಯಮೀಮಾಂಸೆಯ ಗ್ರಂಥ ‘ಧ್ವನ್ಯಾಲೋಕ’ದಲ್ಲಿ ಆನಂದವರ್ಧನ ಕಾವ್ಯದ ಧ್ವನಿಗೆ, ಅಂದರೆ ಸೂಚ್ಯಾರ್ಥಕ್ಕೆ, ಕೊಡುವ ಹೋಲಿಕೆಯೇ ಅದು: ಅಂಗಾಂಗಗಳನ್ನು ಮೀರಿ ಬೇರೆಯಾಗಿ ಹೊಳೆಯುವಂಥದ್ದು. ಗಂಡಸಿಗೆ ಮಾತ್ರ ಹೊಂದುವುದಿಲ್ಲ.

ನನ್ನ ಆಯ್ಕೆ ‘ಅದೇನೋ’. ‘ಅವಳಲ್ಲಿ ಅದೇನೋ ಇದೆ’ ಎಂದು ಜನ ಆಡುತ್ತಲೇ ಇದ್ದಾರೆ. ಸರ್ವನಾಮವೂ ಉಳಿಯಿತು, ಹೆಸರಿಡಲಾಗದ ಗುಣವೂ ಬಂತು. ತೊಡಕು ಬರುವುದು ಪ್ರತ್ಯಯ ಹಚ್ಚುವಾಗ. ‘ಅದೇನನ್ನೋ’ ಎಂದರೆ ಅರ್ಥ ಬೇರೆ. ‘ಅದೇನೋ ಎಂಬುದನ್ನು’ ಎಂದೇ ಬರೆಯಬೇಕು. ಚಿತ್ರದ ಹೆಸರು ‘ಇಟ್’ ಆಗಿಯೇ ಇರಲಿ.

‘ಇಟ್ ಗರ್ಲ್’ ಆ ಚಿತ್ರದ ನಾಯಕಿ ಕ್ಲಾರಾ ಬೋಗೆ ಅದರಿಂದ ಅಂಟಿದ ಬಿರುದು, ಅನುವಾದಿಸಬೇಡಿ. ಇಂದಿನ ಫ್ಯಾಷನ್ ಬರಹಗಳ ‘ಇಟ್ ಗರ್ಲ್’ ಬೇರೆಯೇ ಪ್ರಾಣಿ. ತನ್ನತ್ತ ಯಾರು ನೋಡುತ್ತಿದ್ದಾರೆಂಬ ಪರಿವೆ ಇಲ್ಲದಿರುವುದು ಗ್ಲಿನ್ ಹಾಕಿದ ಷರತ್ತು. ಈಗಿನವರಿಗೆ ಕ್ಯಾಮೆರಾ ಎಲ್ಲಿದೆ ಎಂಬುದೇ ಮುಖ್ಯ. ಅಲ್ಲಿ ‘ಈಗೆಲ್ಲ ಅವಳದೇ ಮಾತು’ ಎಂದರೆ ಸಾಕು.

ಇನ್ನೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ. ಲೇಖನದಲ್ಲಿ ‘ಗ್ಲಿನ್ ಸೃಷ್ಟಿಸಿದ ಪದ’ ಎಂದಿದ್ದರೆ ತಿದ್ದಿ. ಇಂಗ್ಲಿಷ್ ಲೇಖಕ ಕಿಪ್ಲಿಂಗ್‌ನ 1904ರ ‘ಮಿಸೆಸ್ ಬಾಥರ್ಸ್ಟ್’ ಕಥೆಯ ನಾವಿಕ ಒಬ್ಬಾಕೆಯ ಬಗ್ಗೆ ಹೇಳುವುದು ಇದನ್ನೇ: ಚೆಲುವಲ್ಲ, ಮಾತುಗಾರಿಕೆಯೂ ಅಲ್ಲ, ಬರೀ ‘ಇಟ್’. ಹುಲಿಚರ್ಮದ ದೃಶ್ಯಕ್ಕೆ ಕುಖ್ಯಾತವಾದ ಗ್ಲಿನ್ ಅವರ ಕಾದಂಬರಿ ‘ಥ್ರೀ ವೀಕ್ಸ್’ (1907) ಬಂದದ್ದೂ ಅದಾದ ಮೇಲೆ. ‘ಮನೆಮಾತಾಗಿಸಿದ’ ಎಂದರೆ ಸರಿ.